ನೋಡದೆ ಬಿಟ್ಟ ಕುರ್ಚಿ

ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವವರನ್ನು ಕಂಡರೆ ನನ್ನ ಕೈ ತಾನಾಗಿಯೇ ಜೇಬಿನ ಮೇಲೆ ಹೋಗುತ್ತದೆ. ಇದು ಒಳ್ಳೆಯ ಸ್ವಭಾವವಲ್ಲ, ಒಪ್ಪುತ್ತೇನೆ. ಆದರೆ ಮೊಳಕೆಯೊಡೆಯದ ಭತ್ತದ ಬೀಜವನ್ನು ನನಗೆ ಮಾರಿದವನು ಮಾತು ಮುಗಿಯುವವರೆಗೆ ಒಮ್ಮೆಯೂ ರೆಪ್ಪೆ ಮಿಟುಕಿಸಿರಲಿಲ್ಲ. ಅಂಗೈ ಎರಡನ್ನೂ ಬಿಚ್ಚಿ ತೋರಿಸಿದ್ದ ಬೇರೆ.

ಇಂಥ ನನ್ನನ್ನು, ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತನಾದವನೆಂಬ ಒಂದೇ ಕಾರಣಕ್ಕೆ, ನಮ್ಮ ಕಾಲುವೆಯ ನೀರು ಬಳಕೆದಾರರ ಸಂಘದವರು ಕಾರ್ಯದರ್ಶಿ ಮಾಡಿದರು. ಮಾಡಿದವರು ಅಷ್ಟಕ್ಕೇ ಬಿಡದೆ, ಸಭೆಯಲ್ಲಿ ವಿಷಯ ಮಂಡಿಸುವುದು ಹೇಗೆಂದು ಕಲಿತು ಬರಲು ಲಿಂಗಸುಗೂರಿನ ಒಂದು ದಿನದ ತರಬೇತಿಗೂ ಕಳಿಸಿದರು. ನನ್ನ ಹೆಂಡತಿಗೆ ನಗು ತಡೆಯಲಾಗಲಿಲ್ಲ. "ಮೂವತ್ತು ವರ್ಷ ಬೋರ್ಡಿಗೆ ಪಾಠ ಹೇಳೀರಿ. ಈಗ ಮಂದಿ ಮಾರಿ ನೋಡೋದು ಕಲಿಯಾಕ ಹೊಂಟೀರೇನು?" ಎಂದಳು.

ತರಬೇತಿ ಕೊಟ್ಟವನು ಇಸ್ತ್ರಿ ಮುರಿಯದ ಅಂಗಿಯ ತರುಣ. "ಒಬ್ಬೊಬ್ಬರ ಕಣ್ಣಲ್ಲೂ ಮೂರು ಸೆಕೆಂಡು ಕಣ್ಣಿಡಿ, ಆಮೇಲೆ ಮುಂದಿನವರಿಗೆ ಹೋಗಿ. ಕೈ ಕಟ್ಟಬೇಡಿ, ಅಂಗೈ ತೆರೆದಿರಲಿ. ನಂಬಿಕೆ ಹುಟ್ಟುತ್ತದೆ," ಎಂದ. ನಾಲ್ಕು ಸೆಕೆಂಡಾದರೆ ಏನಾಗುತ್ತದೆ ಎಂದು ಕೇಳಿದೆ. "ಜಗಳವಾಗುತ್ತದೆ ಸರ್," ಎಂದು ನಕ್ಕ. ಅವನ ಮಾತುಗಳಲ್ಲಿ ನಾನು ಪೂರ್ತಿ ನಂಬಿದ್ದು ಇದೊಂದನ್ನೇ.

ಯಾಕೆಂದರೆ ನಮ್ಮ ಕಡೆ ನಂಬಿಕೆಯ ವ್ಯವಹಾರವೆಲ್ಲ ಕಣ್ಣು ಬೇರೆಡೆ ಇಟ್ಟೇ ನಡೆಯುವುದು. ದನದ ಸಂತೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಹೇಳುವ ದಲಾಲಿ ಎತ್ತಿನ ಕೊಂಬು ನೋಡುತ್ತಿರುತ್ತಾನೆ, ಕೊಳ್ಳುವವನು ಆಕಾಶ ನೋಡುತ್ತಿರುತ್ತಾನೆ. ಹೆಣ್ಣು ಕೊಡುವ ಮಾತಿಗೆ ಕೂತ ಹಿರಿಯರು ಜಮಖಾನೆಯ ಹೂಗಳನ್ನು ನೋಡುತ್ತಲೇ ಎಲ್ಲವನ್ನೂ ಮುಗಿಸುತ್ತಾರೆ. ತುಂಬಿದ ಸಭೆಯಲ್ಲಿ ಒಬ್ಬನ ಮುಖವನ್ನೇ ನೋಡಿ ಏನಾದರೂ ಹೇಳಿದರೆ, ಆ ಮಾತು ಅವನಿಗೇ ಅಂದದ್ದೆಂದು ಲೆಕ್ಕ.

ಆಮೇಲೆ ಕಾಲುವೆಯುದ್ದದ ರೈತರೆಲ್ಲ ಸಿಂಧನೂರಿನಲ್ಲಿ ಸೇರಿದ ಸಭೆಯಲ್ಲಿ ನಾನು ಹೇಳಬೇಕಾದದ್ದು ಚಿಕ್ಕದು. ಮಸ್ಕಿ ಕಡೆಯ ಕೊನೆಯ ಹೊಲಗಳಲ್ಲಿ ಭತ್ತ ಹಾಲುಗಟ್ಟುತ್ತಿದೆ. ವಾರದೊಳಗೆ ನೀರು ಬರದಿದ್ದರೆ ತೆನೆಯೆಲ್ಲ ಜೊಳ್ಳಾಗುತ್ತದೆ. ಮೇಲ್ಭಾಗದ ರೈತರು ಕಾಲುವೆಗೆ ಕಳ್ಳತನದಿಂದ ಇಳಿಬಿಟ್ಟ ಪೈಪುಗಳನ್ನು ತೆಗೆಯಬೇಕು. ಆ ಕೊನೆಯ ಹೊಲಗಳಲ್ಲಿ ನನ್ನ ಮೂರು ಎಕರೆಯೂ ಇತ್ತು. ಕಷ್ಟವೆಂದರೆ, ಮೇಲ್ಭಾಗದವರ ಮುಂದಿನ ಸಾಲಿನಲ್ಲೇ ನಮ್ಮ ಬೀಗರು ಕೂತಿದ್ದರು. ನನ್ನ ಒಬ್ಬಳೇ ಮಗಳು ಅವರ ಮನೆಯ ಸೊಸೆ. ಅವರದೂ ಒಂದು ಪೈಪು ಕಾಲುವೆಯಲ್ಲಿದೆಯೆಂದು ನನಗೆ ಬಹಳ ದಿನದಿಂದ ಗುಮಾನಿ ಇತ್ತು. ಮಗಳನ್ನು ಕೊಟ್ಟ ಮನೆಯಲ್ಲಿ ಅದನ್ನು ಕೇಳುವುದು ಹೇಗೆ?

ಒಣಗಿದ ಕಾಲುವೆಯ ಫೋಟೊ ಪರದೆಗೆ ಬಿಟ್ಟು, ಅಂಗೈ ತೆರೆದು, ಮೂರು ಸೆಕೆಂಡಿನ ಲೆಕ್ಕದಲ್ಲಿ ಶುರು ಮಾಡಿದೆ. ಮೊದಲನೆಯವನು ಟವೆಲ್ ಸರಿಪಡಿಸಿಕೊಂಡ. ಎರಡನೆಯವನು ಕೆಮ್ಮಿದ. ಮೂರನೆಯವನು ಎದ್ದೇ ನಿಂತ. "ನನ್ನ ಮಾರಿ ಯಾಕ ನೋಡ್ತೀರಿ ಮಾಸ್ತರ? ನನ್ನ ಪೈಪ್ ಹೋದ ವರ್ಷನ ತಗದೀನಿ!" ಅವನನ್ನು ಯಾರೂ ಏನೂ ಕೇಳಿರಲಿಲ್ಲ. ಸಭೆ ಗೊಳ್ಳೆಂದಿತು, ನನಗೂ ಹುರುಪು ಬಂತು. ಆದರೆ ಬೀಗರ ಸರದಿ ಬಂದಾಗ ನನ್ನ ಕಣ್ಣು ಕೆಸರು ದಾಟುವಂತೆ ಆ ಕುರ್ಚಿಯನ್ನು ದಾಟಿ ಪಕ್ಕದ ಕುರ್ಚಿಗೆ ಹೋಯಿತು. ಎರಡನೆಯ ಸುತ್ತಿನಲ್ಲೂ ಹಾಗೆಯೇ ಆಯಿತು.

ಚಹಾದ ಹೊತ್ತಿಗೆ ಕೊನೆಯ ಹೊಲದ ಮುದುಕರೊಬ್ಬರು ಬಂದು, "ಹೆಸರು ತಗೀಲಾರದನ ತೋರಿಸಿಬಿಟ್ರಿ ಬಿಡ್ರಿ ಮಾಸ್ತರ," ಎಂದು ಮೆಚ್ಚಿಕೊಂಡರು.

"ಯಾರನ್ನರಿ?"

"ಎಲ್ಲಾರ ಮಾರಿ ನೋಡಿದ್ರಿ, ಬೀಗರನ್ನೊಬ್ಬರನ್ನ ಬಿಟ್ಟು. ಇಡೀ ಸಭಾಕ್ಕ ತಿಳೀತು."

ತಿರುಗಿ ನೋಡಿದರೆ ಬೀಗರು ಎದ್ದು ಹೋಗಿದ್ದರು. ದಿನಾ ಫೋನ್ ಮಾಡುವ ಮಗಳು ಎರಡು ದಿನ ಮಾಡಲಿಲ್ಲ. ನಾನಾಗಿ ಮಾಡಲು ಧೈರ್ಯ ಬರಲಿಲ್ಲ. ಅವಳು ಅಡುಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿರುವುದೇ ನನಗೆ ಕಾಣುತ್ತಿತ್ತು. "ನೀರು ತರಾಕ ಹೋಗಿ ಹುಡುಗಿ ಕಣ್ಣಾಗ ನೀರು ತರಿಸೀರಿ," ಎಂದು ಹೆಂಡತಿ ಊಟಕ್ಕೆ ಬಡಿಸುವಾಗಲೂ ಅನ್ನುತ್ತಿದ್ದಳು.

ಮೂರನೆಯ ದಿನ ನಮ್ಮ ಕೊನೆಯ ತೂಬಿಗೆ ನೀರು ಬಂತು. ಬದುವಿನ ಮೇಲೆ ನಿಂತಿದ್ದೆ. ಬೀಗರು ಮೋಟಾರ್ ಸೈಕಲ್ ನಿಲ್ಲಿಸಿ ಬಂದು ಪಕ್ಕದಲ್ಲಿ ನಿಂತು ನೀರನ್ನೇ ನೋಡುತ್ತ ಹೇಳಿದರು.

"ಪೈಪ್ ತಗದೀನ್ರೀ ಬೀಗರ. ಅವತ್ತು ನನ್ನ ನೋಡಿ ಅಂದಿದ್ರ ಎದ್ದು ಜಗಳಾನ ತಗೀತಿದ್ದೆ. ನನ್ನ ಮರ್ಯಾದಿ ಉಳಸಾಕ ನೀವು ನೋಡ್ಲಿಲ್ಲ. ಅದಕ್ಕ ನಾಚಿಕಿ ಬಂತು ನೋಡ್ರಿ."

ನನ್ನನ್ನು ನಾನೇ ಎಷ್ಟು ತಡಕಾಡಿದರೂ ಅವತ್ತಿನ ಮನಸ್ಸಿನಲ್ಲಿ ಮರ್ಯಾದೆ ಸಿಗಲಿಲ್ಲ. ಇದ್ದದ್ದು ಬರೀ ಅಂಜಿಕೆ. ಹೇಳಿಬಿಡೋಣವೆಂದು ಬಾಯಿ ತೆರೆದೆ. ನೀರು ಗದ್ದೆಗೆ ಇಳಿಯುತ್ತಿತ್ತು. "ಇರಲಿ ಬಿಡ್ರೀ ಬೀಗರ," ಎಂದಷ್ಟೇ ಅಂದೆ.

ಅವರು ಹೋದ ಮೇಲೆ ನನ್ನ ಗುಮಾನಿ ಮತ್ತೆ ತಲೆಯೆತ್ತಿತು. ಪೈಪು ಹುಡುಕಲು ಅಧಿಕಾರಿಗಳು ಬರುತ್ತಾರೆಂಬ ಸುದ್ದಿಯೂ ಆ ಎರಡು ದಿನಗಳಲ್ಲೇ ಊರಲ್ಲಿ ಹಬ್ಬಿತ್ತು. ತಡೆಯಲಾರದೆ ಮಗಳಿಗೆ ಫೋನ್ ಮಾಡಿದೆ. ಅವಳ ದನಿಯಲ್ಲಿ ಅಳುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಫೋನು ಕೆಟ್ಟು ರಿಪೇರಿಗೆ ಹೋಗಿತ್ತಂತೆ.

"ನಿಮ್ಮ ಮಾವಾರು ಖರೇನ ನಾಚಿ ತಗದ್ರೋ, ಅಂಜಿ ತಗದ್ರೋ?" ಎಂದು ಮೆಲ್ಲಗೆ ಕೇಳಿದೆ.

"ನೀ ಅವತ್ತು ಮರ್ಯಾದಿ ಇಟ್ಟು ನೋಡ್ಲಿಲ್ಲೋ, ಅಂಜಿ ನೋಡ್ಲಿಲ್ಲೋ?"

ಫೋನು ಕಿವಿಗಿಟ್ಟುಕೊಂಡೇ ಗದ್ದೆಯ ನೀರಿನ ಕಡೆ ನೋಡಿದೆ.

"ಹೊಲಕ್ಕ ನೀರು ಬಂತಿಲ್ಲೋ ಅಪ್ಪ?"

"ಬಂದೈತಿ."

"ಹಂಗಾರ ಇಬ್ರೂ ಸುಮ್ನಿರ್ರಿ," ಎಂದು ಫೋನಿಟ್ಟಳು.