ಮುಲುಂಡಿನಿಂದ ದಾದರಿಗೆ ಒಂದು ಪದ

ಮೊಮ್ಮಗಳ ಇಂಗ್ಲಿಷ್ ಗೈಡು ಊಟದ ಮೇಜಿನ ಮೇಲೆ ತೆರೆದು ಬಿದ್ದಿತ್ತು. ಪಲ್ಯದ ಪಾತ್ರೆಗೆ ಜಾಗ ಬೇಕೆಂದು ಎತ್ತಿಕೊಂಡೆ. ‘ಪುಟ್ ಆಫ್’ ಎಂದು ದಪ್ಪ ಅಕ್ಷರ, ಅದರ ಮುಂದೆ ‘ಪೋಸ್ಟ್‌ಪೋನ್, ಡಿಲೇ, ಡಿಫರ್’. ಅಷ್ಟೇ, ಮುಗಿಯಿತು. ಕೆಳಗಿನ ಸಾಲಿನಲ್ಲಿ ಬೇರೆ ಪದ. ನನಗೆ ನಗು ಬಂತು. ಇವರು ಒಂದು ಸಾಲಿನಲ್ಲಿ ಮುಗಿಸಿಬಿಟ್ಟದ್ದನ್ನು ಕಲಿಯಲು ನನಗೆ ಮುಲುಂಡಿನಿಂದ ದಾದರಿನವರೆಗೆ ಲೋಕಲ್ ಗಾಡಿ ಬೇಕಾಗಿತ್ತು...

ಐವತ್ತರ ದಶಕದ ಮಾತು. ಮುಲುಂಡಿನಲ್ಲಿ, ಒಂದೊಂದೇ ಕೋಣೆಯ ಸಾಲುಮನೆಗಳ ಚಾಳಿನಲ್ಲಿ, ನಮ್ಮ ಪಕ್ಕದ ಖೋಲಿಯಲ್ಲಿ ಮೈಸೂರು ಕಡೆಯ ಹೆಂಗಸೊಬ್ಬರು ಒಂಟಿಯಾಗಿ ಇದ್ದರು. ದಾದರಿನ ಶಾಲೆಯೊಂದರಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದರು. ಇಡೀ ಚಾಳಿಗೆ ಅವರು ಟೀಚರ್. ನಾವು ಉಡುಪಿಯವರು. ಅಪ್ಪ ಹೋಟೆಲಿನಲ್ಲಿ ಅಡುಗೆ ಭಟ್ಟರು. ನನಗಾಗ ಹತ್ತೊಂಬತ್ತು ವರ್ಷ. ಮೆಟ್ರಿಕ್ ಮುಗಿಸಿ ದಾದರಿನಲ್ಲೇ ಟೈಪಿಂಗ್, ಶಾರ್ಟ್‌ಹ್ಯಾಂಡ್ ಕ್ಲಾಸಿಗೆ ಸೇರಿದ್ದೆ. ಅಪ್ಪ ಗಡುವು ಹಾಕಿಯೇ ಸೇರಿಸಿದ್ದರು.

“ದೀಪಾವಳಿವರೆಗೆ ನೋಡುವ. ಕೆಲಸ ಸಿಕ್ಕಿದ್ರೆ ಸಿಕ್ಕಿತು. ಇಲ್ಲದಿದ್ರೆ ಊರಿಗೆ ಹೋಗಿ ಮದುವೆ. ಮತ್ತೆ ಮಾತಿಲ್ಲ.”

ಮದುವೆಯ ಮೇಲೆ ನನಗೇನೂ ಸಿಟ್ಟಿರಲಿಲ್ಲ. ಆದರೆ ಕಂಪನಿಗಳೆಲ್ಲ ಇದ್ದ ಕೋಟೆ ಪ್ರದೇಶದ ಒಂದು ಆಫೀಸಿನಲ್ಲಾದರೂ ನನ್ನದೊಂದು ಕುರ್ಚಿ ಇರಬೇಕು, ಆಮೇಲೆ ಮಿಕ್ಕಿದ್ದು ಎಂದು ಹಟ ತೊಟ್ಟಿದ್ದೆ. ಬೆರಳು ಚುರುಕಾಗಿದ್ದವು. ಇಂಗ್ಲಿಷೊಂದು ಕೈಕೊಡುತ್ತಿತ್ತು.

ಟೀಚರ್ ತಾವಾಗಿಯೇ ಕರೆದರು. ಬೆಳಗಿನ ಗಾಡಿಯಲ್ಲಿ, ಹೆಂಗಸರ ಡಬ್ಬಿಯಲ್ಲಿ, ಕಿಟಕಿಯ ಪಕ್ಕ ಅವರು, ಅವರ ಪಕ್ಕ ನಾನು. ದಿನಕ್ಕೊಂದು ಪದ. ಭಾಂಡುಪ್ ಬರುವುದರೊಳಗೆ ಒಂದು ಅರ್ಥ, ವಿಕ್ರೋಲಿಗೆ ಇನ್ನೊಂದು, ಘಾಟ್ಕೋಪರಿಗೆ ಮತ್ತೊಂದು. ಕುರ್ಲಾ ದಾಟಿದ ಮೇಲೆ ಸಮಾನ ಪದಗಳು. ಪುಸ್ತಕ ತೆಗೆಯುವಂತಿಲ್ಲ. ಪ್ರತಿ ಅರ್ಥಕ್ಕೂ ನನ್ನ ಮನೆಯದೇ ಒಂದು ವಾಕ್ಯ ಕೊಡಬೇಕು. ‘ಪುಟ್ ಆಫ್’ ಬಂದ ದಿನ ಅಪ್ಪ ಊರಿಗೆ ಹೋಗುವುದನ್ನು ಮುಂದೂಡಿದ್ದು ಭಾಂಡುಪಿಗೆ ಸರಿಹೋಯಿತು. ಚಂದಾ ಕೇಳಲು ಬಂದವರನ್ನು ಅಮ್ಮ ನಾಳೆ ಬನ್ನಿ ಎಂದು ಸಾಗಹಾಕಿದ್ದು ವಿಕ್ರೋಲಿಗೆ. ವಾಸನೆಗೇ ಊಟ ಬೇಡವೆನ್ನಿಸುವ ರೇಶನ್ ಅಕ್ಕಿ ಘಾಟ್ಕೋಪರಿಗೆ. ಎದುರು ಕೂತ ಮರಾಠಿ ಹೆಂಗಸರೂ ಕಿವಿಗೊಟ್ಟು ಕೇಳುತ್ತಿದ್ದರು.

ಒಂದು ವಿಷಯದಲ್ಲಿ ಮಾತ್ರ ಟೀಚರ್ ಬಲು ಕಟ್ಟುನಿಟ್ಟು. ಇಂಥ ಜೋಡಿಪದಗಳನ್ನು ತಿಳಿದಿರಬೇಕು, ಕಾಗದದಲ್ಲಿ ಬರೆಯಬಾರದು.

“ಮನೇಲಿ ಉಡೋ ಸೀರೇಲಿ ಮದುವೆಗೆ ಹೋಗ್ತೀಯೇನೇ? ಕಾಗದ ಬರೆಯೋವಾಗ ಪುಟ್ ಆಫ್ ತೆಗೆದು ಪೋಸ್ಟ್‌ಪೋನ್ ಹಾಕು. ಗಂಭೀರವಾಗಿರುತ್ತೆ.”

ನಾನು ಅದನ್ನು ವೇದವಾಕ್ಯ ಎಂದುಕೊಂಡೆ. ಕ್ಲಾಸಿನಲ್ಲಿ ಡಿಕ್ಟೇಶನ್ ಕೊಟ್ಟರೆ ನನ್ನ ಕೈ ತಾನಾಗಿಯೇ ಸಣ್ಣ ಪದ ತೆಗೆದು ದೊಡ್ಡ ಪದ ಹಾಕುತ್ತಿತ್ತು. ಕ್ಲಾಸಿನ ಮಾಸ್ತರರು ನಾಲ್ಕು ಬಾರಿ ಬೈದರು. ಅವರಿಗೇನು ಗೊತ್ತು ಎಂದು ನಾನು ಕ್ಯಾರೇ ಅನ್ನಲಿಲ್ಲ.

ದೀಪಾವಳಿಗೆ ಮೂರು ವಾರ ಇರುವಾಗ ಕೋಟೆಯ ಒಂದು ಬಟ್ಟೆ ವ್ಯಾಪಾರದ ಕಂಪನಿಯಲ್ಲಿ ಒಂದು ವಾರದ ಟ್ರಯಲ್ ಸಿಕ್ಕಿತು. ಮೂರನೆಯ ದಿನ ಮ್ಯಾನೇಜರ್ ಒಂದು ಪತ್ರ ಹೇಳಿ ಬರೆಸಿದರು. ಹಳೆಯ ಗಿರಾಕಿಯೊಬ್ಬರಿಗೆ ಕಳಿಸಿದ ಮಾಲು ಒದ್ದೆಯಾಗಿತ್ತು. ನಿಮ್ಮ ದೂರನ್ನು ‘ಲುಕ್ ಇಂಟು’ ಮಾಡುತ್ತೇವೆ, ಅಂದರೆ ಏನಾಗಿದೆ ನೋಡುತ್ತೇವೆ ಎಂದು ಅವರು ಹೇಳಿದ್ದು. ನಾನು ಟೈಪ್ ಮಾಡಿದ್ದು ‘ಇನ್ವೆಸ್ಟಿಗೇಟ್’. ಅವಸರದಲ್ಲಿದ್ದ ಮ್ಯಾನೇಜರ್ ಓದದೆ ಸಹಿ ಹಾಕಿದರು. ಮಾರನೇ ದಿನ ಗಿರಾಕಿ ಫೋನಿನಲ್ಲೇ ಹರಿಹಾಯ್ದರಂತೆ. ಇಷ್ಟು ವರ್ಷ ವ್ಯಾಪಾರ ಮಾಡಿದ ನಾವೇನು ಕಳ್ಳರೇ, ನಮ್ಮ ಮೇಲೆ ತನಿಖೆಯೇ ಎಂದು. ಮ್ಯಾನೇಜರ್ ನನ್ನ ಶಾರ್ಟ್‌ಹ್ಯಾಂಡ್ ಪುಸ್ತಕ ತರಿಸಿ ನೋಡಿದರು. ಶನಿವಾರ ಬಾ, ಇಟ್ಟುಕೊಳ್ಳಬೇಕೋ ಬೇಡವೋ ಹೇಳುತ್ತೇನೆ ಎಂದು ಮನೆಗೆ ಕಳಿಸಿದರು.

ಚಾಳಿಗೆ ಬಂದು ಟೀಚರ ಮುಂದೆ ಅತ್ತುಬಿಟ್ಟೆ. ಅವರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು.

“ನೀನೇನೂ ತಪ್ಪು ಮಾಡಿಲ್ಲ ಕಣೇ. ಎಲ್ಲಿ ಯಾವುದು ಹಾಕಬೇಕು ಅಂತ ನಾನೇ ಸರಿಯಾಗಿ ಹೇಳಿಕೊಡ್ಲಿಲ್ಲ. ಶನಿವಾರ ನಾನೂ ಬರ್ತೀನಿ. ತಪ್ಪು ನಂದು ಅಂತ ಅವರಿಗೆ ಹೇಳ್ತೀನಿ.”

ಶಾಲೆಗೆ ಎಂದೂ ರಜೆ ಹಾಕದವರು ಆ ಶನಿವಾರ ರಜೆ ಹಾಕಿದರು. ಇಸ್ತ್ರಿ ಮಾಡಿದ ಬಿಳಿ ಸೀರೆ ಉಟ್ಟುಕೊಂಡು ಬಂದರು. ಗಾಡಿಯಲ್ಲಿ ಮ್ಯಾನೇಜರಿಗೆ ಹೇಳಬೇಕಾದ ಇಂಗ್ಲಿಷ್ ವಾಕ್ಯಗಳನ್ನು ಬಾಯಲ್ಲೇ ಜೋಡಿಸಿಕೊಳ್ಳುತ್ತಿದ್ದರು. ಆಫೀಸಿನಲ್ಲಿ ಮ್ಯಾನೇಜರ ಕೋಣೆಗೆ ಇದ್ದದ್ದು ಅರ್ಧ ಬಾಗಿಲು, ಎದೆಯ ಮಟ್ಟದ್ದು. ಹೊರಗೆ ಅದಕ್ಕೆ ತಾಗಿಯೇ ಬೆಂಚು. ಟೀಚರ್ ಬೆಂಚಿನ ಮೇಲೆ ಕೂತರು. ಮೊದಲು ನಾನು ಒಳಗೆ ಹೋದೆ.

ಮ್ಯಾನೇಜರ ಸಿಟ್ಟು ಇಳಿದಿತ್ತು. ಗಿರಾಕಿಗೂ ಸಮಾಧಾನವಾಗಿತ್ತಂತೆ. ಮತ್ತೊಂದು ಪತ್ರ ಹೇಳಿ ಬರೆಸಿದರು. ಅವರು ಹೇಳಿದ್ದನ್ನು ಹೇಳಿದ ಹಾಗೆ, ಒಂದಕ್ಷರ ಬದಲಿಸದೆ ಟೈಪ್ ಮಾಡಿಕೊಟ್ಟೆ. ಅವರು ಓದಿ ತಲೆಯಾಡಿಸಿದರು. ಸೋಮವಾರದಿಂದ ಬಾ ಎಂದರು. ಆಮೇಲೆ ನಗುತ್ತಾ ಇಂಗ್ಲಿಷಿನಲ್ಲಿ ಕೇಳಿದರು, “ಅಂದಹಾಗೆ ಆ ಪೊಲೀಸ್ ಠಾಣೆಯ ಇಂಗ್ಲಿಷನ್ನು ನಿನಗೆ ಕಲಿಸಿದ ಮಹಾಶಯರು ಯಾರು?”

ನಾನೂ ನಕ್ಕೆ. “ಯಾರೂ ಇಲ್ಲ ಸರ್. ಯಾವುದೋ ಹಳೇ ಪುಸ್ತಕ.”

ಹೊರಗೆ ಬಂದಾಗ ಟೀಚರ್ ಎದ್ದು ನಿಂತಿದ್ದರು. “ನಾನು ಒಳಗೆ ಬರೋ ಅಗತ್ಯಾನೇ ಬೀಳ್ಲಿಲ್ಲ ನೋಡು. ಒಳ್ಳೇದಾಯ್ತು. ಮೊದಲು ಅಪ್ಪನಿಗೆ ಹೇಳು” ಎಂದರು. ವಾಪಸು ಬರುವಾಗ ನಾನು ಬಾಯಿ ಮುಚ್ಚಲಿಲ್ಲ. ಅವರು ಹೂಂಗುಟ್ಟುತ್ತಾ ಕೂತಿದ್ದರು. ಒಳಗಿನ ನನ್ನ ಮಾತು ಅವರಿಗೆ ಕೇಳಿಸಿತೇ ಎಂಬ ಪ್ರಶ್ನೆ ನನಗೆ ಹುಟ್ಟಿದ್ದು ಎರಡು ದಿನ ಬಿಟ್ಟು.

ಸೋಮವಾರ ಅದೇ ಗಾಡಿ, ಅದೇ ಜಾಗ. ಅವರು ದಾದರಿನಲ್ಲಿ ಇಳಿಯುವವರು, ನಾನೀಗ ಕೊನೆಯ ಸ್ಟೇಶನ್ನಿನವರೆಗೆ ಹೋಗುವವಳು. ಭಾಂಡುಪ್ ಬಂತು, ವಿಕ್ರೋಲಿ ಬಂತು, ಅವರು ಪದ ಕೊಡಲಿಲ್ಲ. ನಾನೇ ಕೇಳಿದೆ, “ಟೀಚರ್, ಇವತ್ತಿನ ಪದ ಎಂತದು?”

“ಇನ್ಯಾಕೆ ಬಿಡೇ. ಕೆಲಸ ಸಿಕ್ತಲ್ಲ.”

ಮುಖದಲ್ಲಿ ಸಿಟ್ಟಿರಲಿಲ್ಲ. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. ಆಮೇಲೂ ಎರಡು ವರ್ಷ ಜೊತೆಗೆ ಹೋದೆವು, ಅಮ್ಮನ ಕಾಲುನೋವು ಕೇಳುವರು, ಉಪ್ಪಿನಕಾಯಿ ಕೊಡುವರು... ಪದ ಮಾತ್ರ ಒಂದೂ ಕೊಡಲಿಲ್ಲ. ನಂತರ ಅವರು ಮೈಸೂರಿಗೆ ತಮ್ಮನ ಮನೆಗೆ ಹೋದರು. ಬೀಳ್ಕೊಡಲು ಸ್ಟೇಶನ್ನಿಗೆ ಹೋಗಿದ್ದೆ, ಗಾಡಿ ಅರ್ಧ ಗಂಟೆ ತಡವಾಗಿತ್ತು. ಆ ಅರ್ಧ ಗಂಟೆಯನ್ನೂ ನನ್ನ ಆಫೀಸಿನ ಸುದ್ದಿಯಲ್ಲೇ ಕಳೆದೆ. ಕೆಲವು ವರ್ಷಗಳಾದ ಮೇಲೆ ಅವರು ತೀರಿಕೊಂಡರೆಂದು ತಮ್ಮನ ಕಾರ್ಡು ಬಂತು.

ಕೆಲಸ ಹಿಡಿದದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಮೂವತ್ತು ವರ್ಷ ಅಲ್ಲೇ ದುಡಿದೆ, ಮದುವೆಯನ್ನೂ ನನ್ನ ಇಷ್ಟದಂತೆಯೇ ಆದೆ. ಆದರೆ ಆ ಸುಳ್ಳಿನ ಅಗತ್ಯವಿರಲಿಲ್ಲ. ಸೋಮವಾರ ಬಾ ಎಂದು ಮ್ಯಾನೇಜರ್ ಆಗಲೇ ಹೇಳಿಯಾಗಿತ್ತು. ಹೊರಗೆ ಕೂತಿದ್ದಾರೆ, ನನ್ನ ಟೀಚರ್ ಎಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಮ್ಯಾನೇಜರ ನಗುವಿನಲ್ಲಿ ಸೇರಿಕೊಳ್ಳುವ ಚಪಲ, ಅಷ್ಟೇ. ಆಮೇಲೆ ನನ್ನ ಕೈಕೆಳಗೆ ಬಂದ ಹುಡುಗಿಯರಿಗೆಲ್ಲ ಹೇಳಿದೆ, ಗಂಡನಿಗೆ ಹೇಳಿದೆ, ಮಕ್ಕಳಿಗೆ ಹೇಳಿದೆ, ನನಗೆ ಇಂಗ್ಲಿಷ್ ಕಲಿಸಿದವರು ನಮ್ಮ ಚಾಳಿನ ಟೀಚರ್ ಎಂದು. ಯಾರೂ ಕೇಳದಿದ್ದರೂ ಹೇಳಿದೆ. ಒಬ್ಬರು ಕೇಳಿದಾಗ, ಬಾಗಿಲಾಚೆ ಅವರೇ ಕೂತಿದ್ದಾಗ, ಹೇಳಲಿಲ್ಲ.