ಉಮ್ಮನ ಒಂದೇ ಉತ್ತರ

ಗಲ್ಫಿನಲ್ಲಿ ಹದಿನೆಂಟು ವರ್ಷ ಏಸಿ ರಿಪೇರಿ ಮಾಡಿದವನಿಗೆ ಆರೋಗ್ಯ ವಿಮೆಯ ಬಗ್ಗೆ ಏನು ತಿಳಿದಿರಬೇಕು? ಕಂಪೆನಿ ಒಂದು ಪ್ಲಾಸ್ಟಿಕ್ ಕಾರ್ಡು ಕೊಟ್ಟಿತ್ತು. ಜ್ವರ ಬಂದಾಗ ತೋರಿಸಿದರೆ ಮಾತ್ರೆ ಕೊಡುತ್ತಿದ್ದರು. ಹಲ್ಲುನೋವಿಗೆ ಅದು ನಡೆಯುವುದಿಲ್ಲ ಎಂದು ಗೊತ್ತಾದದ್ದು ದವಡೆ ಊದಿದ ದಿನವೇ. ಅಂದಿನಿಂದ ಹಲ್ಲುಗಳು ನನ್ನ ದೇಹಕ್ಕೆ ಸೇರಿದವಲ್ಲ ಎಂದುಕೊಂಡು ಬದುಕಿದೆ.

ಆಮೇಲೆ ನನ್ನನ್ನು ಸೂಪರ್‌ವೈಸರ್ ಮಾಡಿದರು. ಎಂಟು ಜನರ ರೂಮು ಬಿಟ್ಟು ಮೂರನೇ ಮಾಳಿಗೆಯಲ್ಲಿ ಸಣ್ಣದೊಂದು ಫ್ಲ್ಯಾಟ್ ಹಿಡಿದೆ. ಹೆಂಡತಿ ಬಂದಳು. ಹೆತ್ತ ಉಮ್ಮನನ್ನೂ ಕರೆಸಿಕೊಳ್ಳಬೇಕು ಎಂದು ಹೊರಟೆ. ಉಮ್ಮ ಇರುವುದು ಕಾಪುವಿನಲ್ಲಿ, ನನ್ನ ತಂಗಿಯ ಮನೆಯಲ್ಲಿ. ಅಲ್ಲಿ ಜನಕ್ಕೂ ಗದ್ದಲಕ್ಕೂ ಬರವಿಲ್ಲ, ಹಾಗಾಗಿ ಅವರಿಗೆ ಬೇಸರ ಎಂಬುದಿಲ್ಲ. ಅವರಿಗೆ ಬೇಕಾದದ್ದು ಬೇರೆ. ಇಷ್ಟು ವರ್ಷವೂ ಪ್ರತಿ ಶುಕ್ರವಾರ ಫೋನಿನಲ್ಲಿ ಅವರು ತಪ್ಪದೆ ಕೇಳುತ್ತಿದ್ದ ಪ್ರಶ್ನೆ ಒಂದೇ: "ನೀನು ಮಲಗುವ ಕೋಣೆಗೆ ಕಿಟಕಿ ಉಂಟಾ?" ನಾನು ಪ್ರತಿ ಸಲವೂ "ಉಂಟು" ಎನ್ನುತ್ತಿದ್ದೆ. ಇರಲಿಲ್ಲ. ಈಗ ನಿಜವಾಗಿಯೂ ಇತ್ತು, ಅದನ್ನು ಉಮ್ಮನಿಗೆ ತೋರಿಸಬೇಕಿತ್ತು.

ತಾಯಿಗೆ ಅಲ್ಲಿ ಉಳಿಯುವ ವೀಸಾ ಸಿಗಬೇಕಾದರೆ ಮೊದಲು ವಿಮೆ ಆಗಬೇಕು. ನನ್ನ ಕಾರ್ಡು ತಾಯಿಗೆ ನಡೆಯುವುದಿಲ್ಲ. ರಜೆಯಲ್ಲಿ ಊರಿಗೆ ಬಂದವನು ಮೊಬೈಲಿನಲ್ಲಿ ಮೂರು ಪ್ಲಾನ್ ತೆರೆದು ಕೂತೆ: ಚಿನ್ನ, ಬೆಳ್ಳಿ, ಕಂಚು. ಉಮ್ಮ ಒಂದು ಕ್ಷಣವೂ ಯೋಚಿಸಲಿಲ್ಲ. (ನಮ್ಮ ಮನೆಮಾತು ಬ್ಯಾರಿ. ಉಮ್ಮ ಮನೆಯಲ್ಲಿ ಆಡಿದ್ದನ್ನೆಲ್ಲ ನಾನೇ ಕನ್ನಡಕ್ಕೆ ತಂದಿದ್ದೇನೆ.)

"ಚಿನ್ನವೇ ಇರಲಿ. ಎಷ್ಟು ಪವನಿನದ್ದು?"

ಇದು ಆಭರಣವಲ್ಲ, ಬರೀ ಹೆಸರು ಎಂದೆ.

"ಚಿನ್ನ ಅಲ್ಲದ್ದನ್ನು ಚಿನ್ನ ಅಂತ ಮಾರುವುದು ಮೋಸ ಅಲ್ವಾ?"

ತಂಗಿಯ ಗಂಡ ಕಾರ್ಕಳದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವರು, ವ್ಯವಹಾರ ಬಲ್ಲವರು. ಷರತ್ತುಗಳನ್ನು ಓದಿ ಹೇಳಿ ಎಂದು ಕಾಗದಗಳನ್ನು ಅವರ ಕೈಗೆ ಕೊಟ್ಟೆ. ನಾಲ್ಕನೇ ಪುಟ ಮುಗಿಯುವ ಮೊದಲೇ ಅವರು ಗೊರಕೆ ಹೊಡೆಯುತ್ತಿದ್ದರು.

ಕಡೆಗೆ ಉಮ್ಮನನ್ನು ಕರೆದುಕೊಂಡು ಕಟಪಾಡಿಗೆ ಹೋದೆ. ಜಂಕ್ಷನ್ನಿನಲ್ಲಿ ಒಂದು ಟ್ರಾವೆಲ್ಸ್ ಆಫೀಸು ಉಂಟು, ವೀಸಾ ಕೆಲಸದ ಜೊತೆಗೆ ಇಂಥ ಫಾರ್ಮುಗಳನ್ನೂ ತುಂಬಿಸಿ ಕೊಡುತ್ತಾರೆ. ಆಫೀಸು ಇರುವುದು ಮಾಳಿಗೆಯಲ್ಲಿ. ಹತ್ತು ಮೆಟ್ಟಿಲು ಹತ್ತುವಷ್ಟರಲ್ಲಿ ಉಮ್ಮ ಮೆಟ್ಟಿಲ ತಿರುವಿನಲ್ಲಿದ್ದ ಟೈಲರ್ ಅಂಗಡಿಯ ಎದುರು ನಿಂತು ನೈಟಿಗೆ ಕೈ ಎಷ್ಟು ಉದ್ದ ಇಡುತ್ತೀರಿ ಎಂದು ವಿಚಾರಿಸಿದರು. ಇನ್ನು ಐದು ಮೆಟ್ಟಿಲು ಆದ ಮೇಲೆ ಗೋಡೆಗೆ ಅಂಟಿಸಿದ್ದ ಟ್ಯೂಶನ್ ಜಾಹೀರಾತಿನ ಎದುರು ನಿಂತರು. ಉಮ್ಮನಿಗೆ ಓದಲಿಕ್ಕೆ ಬರುವುದಿಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲಿಯೇ ಇರುವುದು. "ಬೇಗ ಬನ್ನಿ ಉಮ್ಮ, ಅವರು ಊಟಕ್ಕೆ ಎದ್ದರೆ ಕೆಲಸ ಕೆಟ್ಟಿತು" ಎಂದು ಮೇಲಿನಿಂದ ಕೂಗಿದೆ.

ಆಫೀಸಿನಲ್ಲಿದ್ದ ಹೆಂಗಸು ಗದಗದ ಕಡೆಯವರು. ಗಂಡನಿಗೆ ಮಣಿಪಾಲದಲ್ಲಿ ಕಟ್ಟಡದ ಕೆಲಸ ಸಿಕ್ಕಿ ಈ ಕಡೆ ಬಂದವರು. ಫಾರ್ಮು ಎಳೆದುಕೊಂಡು ನಗುತ್ತ ಕೇಳಿದರು, "ಆರಾಮ ಅದೀರೇನ್ರಿ ಅಜ್ಜಿ?"

"ಆರಾಮ ಎಲ್ಲಿ ಮಗಳೇ? ನನಗೆ ಆರಾಮ ಅಂತ ಇಲ್ಲವೇ ಇಲ್ಲ" ಎಂದರು ಉಮ್ಮ, ಅವರಿಗೆ ಬರುವ ಕನ್ನಡದಲ್ಲಿ.

ಹೆಂಗಸಿನ ಮುಖ ಗಂಭೀರವಾಯಿತು. ಪೆನ್ನು ಎತ್ತಿಕೊಂಡರು. "ಎಷ್ಟು ದಿನದಿಂದ್ರಿ?"

"ಮದುವೆ ಆದಂದಿನಿಂದ."

ಅವರು ಬರೆದೇಬಿಡುತ್ತಿದ್ದರು, ನಾನು ಕೈ ಅಡ್ಡ ಹಿಡಿದೆ. ಅವರ ಕಡೆ ಆರಾಮ ಇಲ್ಲ ಎಂದರೆ ಕಾಯಿಲೆ. ನಮ್ಮಲ್ಲಿ ಕಾಯಿಲೆಗೆ ಸೌಖ್ಯ ಇಲ್ಲ ಎನ್ನಬೇಕು, ಆರಾಮ ಎಂದರೆ ಬಿಡುವು. ವಿವರಿಸಿದಾಗ ಅವರು ಹಣೆ ಚಚ್ಚಿಕೊಂಡು ನಕ್ಕರು. "ಬಂದ ಹೊಸದಾಗ ಜ್ವರ ಬಂದಿತ್ರಿ. ಆರಾಮಿಲ್ರಿ ಸರ ಅಂದೆ. ನಮಗೂ ಇಲ್ಲ, ಇವತ್ತು ಕೆಲಸ ಜಾಸ್ತಿ ಉಂಟು ಅಂದ್ರು. ಸಂಜೀತನಾ ಕುಂತು ಟೈಪ್ ಮಾಡೀನ್ರಿ!"

ಪ್ರಶ್ನೆಗಳು ಶುರುವಾದವು. ಎಲ್ಲದಕ್ಕೂ ಹೌದು ಅಥವಾ ಇಲ್ಲ ಎಂದು ಗುರುತು ಹಾಕಬೇಕು.

"ಶುಗರ್ ಐತೇನ್ರಿ ಅಜ್ಜಿ?"

"ಅಲ್‌ಹಮ್ದುಲಿಲ್ಲಾಹ್."

"ಬಿ.ಪಿ.?"

"ಅಲ್‌ಹಮ್ದುಲಿಲ್ಲಾಹ್."

"ಮೊಣಕಾಲು ನೋವು?"

"ಅಲ್‌ಹಮ್ದುಲಿಲ್ಲಾಹ್."

ಪೆನ್ನು ಹೌದು ಮತ್ತು ಇಲ್ಲಗಳ ನಡುವೆ ಅಲೆದಾಡಿ ಸುಸ್ತಾಯಿತು. "ಅಂದ್ರ ಹೌದೋ, ಇಲ್ಲೋ?" ಎಂದು ಅವರು ನನ್ನನ್ನು ಕೇಳಿದರು. ದೇವರಿಗೆ ಸ್ತುತಿ ಎಂದು ಅರ್ಥ ಹೇಳಿದೆ. ಸುಖ ಇದ್ದರೂ ಹಾಗೆಯೇ ಹೇಳುವುದು, ಕಷ್ಟ ಇದ್ದರೂ ಹಾಗೆಯೇ ಹೇಳುವುದು. ಕೊಟ್ಟದ್ದನ್ನು ದೂರಬಾರದು ಎಂದು ಉಮ್ಮ ಚಿಕ್ಕಂದಿನಿಂದ ಕಲಿತವರು. "ಹಂಗಾದ್ರ ಫಾರ್ಮಿನ್ಯಾಗ ಏನಂತ ಬರೀಲ್ರಿ?" ಎಂದರು ಆಕೆ, ಅಳುವುದೊಂದು ಬಾಕಿ.

ನಾನು ದುಭಾಷಿಯಾದೆ. ಕಂಪ್ರೆಸರಿನ ಸದ್ದು ಕೇಳಿ ಗ್ಯಾಸ್ ಹೋಗಿದೆಯೋ ಬೇರಿಂಗ್ ಹೋಗಿದೆಯೋ ಹೇಳುವವನಿಗೆ ಹೆತ್ತ ತಾಯಿಯ ದನಿ ತಿಳಿಯುವುದಿಲ್ಲವೇ? ಉದ್ದಕ್ಕೆ ಎಳೆದು, ಕೊನೆಯಲ್ಲಿ ಉಸಿರು ಬಿಟ್ಟರೆ ಹೌದು. ಅದು ಮೊಣಕಾಲು. ಚುಟುಕಾಗಿ, ಹಗುರವಾಗಿ ಬಂದರೆ ಇಲ್ಲ. ಅದು ಶುಗರ್. ತೊಡೆ ತಟ್ಟಿಕೊಂಡು ಹೇಳಿದರೆ, ಇತ್ತು, ಕಷಾಯಕ್ಕೆ ಹೋಯಿತು. ಹೀಗೆ ಎರಡು ಪುಟ ಸರಾಗವಾಗಿ ಸಾಗಿತು. ನನಗೆ ನನ್ನ ಬಗ್ಗೆಯೇ ಹೆಮ್ಮೆಯಾಗತೊಡಗಿತ್ತು.

"ಮೆಟ್ಟಿಲು ಹತ್ತುವಾಗ ಎದಿ ಹಿಡಿದಂಗ, ದಮ್ಮು ಬಂದಂಗ ಆಗ್ತದೇನ್ರಿ?"

ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂತು. "ಅಲ್‌ಹಮ್ದುಲಿಲ್ಲಾಹ್, ಅಲ್‌ಹಮ್ದುಲಿಲ್ಲಾಹ್." ಎರಡು ಸಲ. ಅವಸರದಲ್ಲಿ.

ಈ ಸದ್ದು ನನ್ನ ಪಟ್ಟಿಯಲ್ಲಿರಲಿಲ್ಲ. ಉಮ್ಮ ಮೇಜಿನ ಮೇಲಿದ್ದ ಗುಂಡುಪಿನ್ನುಗಳ ಡಬ್ಬಿಯನ್ನು ನೋಡುತ್ತಿದ್ದರು. ಟೈಲರನ ಅಂಗಡಿ ನೆನಪಾಯಿತು, ಓದಲು ಬಾರದ ಜಾಹೀರಾತು ನೆನಪಾಯಿತು. ಈ ರಜೆಯಲ್ಲಿ ಉದ್ಯಾವರದ ಒಂದು ಮದುವೆಗೆ ಹೋದಾಗ ಸಭಾಂಗಣದ ಮೆಟ್ಟಿಲ ಅರ್ಧದಲ್ಲಿ ನಿಂತು, ಗುರುತೇ ಇಲ್ಲದ ಹೆಂಗಸಿನ ಕೂಸನ್ನು ಮುದ್ದಾಡಿದ್ದೂ ನೆನಪಾಯಿತು. ಕುರ್ಚಿಯನ್ನು ಅವರ ಕಡೆಗೆ ಎಳೆದುಕೊಂಡೆ.

"ಉಮ್ಮ, ಎಷ್ಟು ಸಮಯದಿಂದ?"

ಮೊದಲ ಸಲ ಅವರ ಬಾಯಿಂದ ಆ ಮಾತು ಬರಲಿಲ್ಲ. "ಇಲ್ಲ ಅಂತ ಬರೆಸು. ಉಂಟು ಅಂದರೆ ನನ್ನನ್ನು ಬಿಡುವುದಿಲ್ಲ. ನನಗೆ ನಿನ್ನ ಕೋಣೆ ನೋಡಬೇಕು" ಎಂದರು.

ಆಫೀಸಿನ ಹೆಂಗಸು ಪೆನ್ನು ಕೆಳಗಿಟ್ಟರು. "ಸುಳ್ಳು ಬರದ್ರ ಈಗ ನಡೀತದ್ರಿ. ಅಲ್ಲಿ ಆಸ್ಪತ್ರ್ಯಾಗ ಮಲಗಿದಾಗ ಇದ ಕಾಗದ ತಗದು ತೋರಸ್ತಾರ."

ಇಲ್ಲ ಎಂದು ಬರೆಸುವ ಆಸೆ ನನಗೆ ಆಗಲಿಲ್ಲ ಎಂದರೆ ಅದು ಸುಳ್ಳು. ಒಂದು ಗುರುತು ಹಾಕಿದರೆ ಚಿನ್ನದ ಪ್ಲಾನ್, ಮುಂದಿನ ತಿಂಗಳು ವಿಮಾನ, ಕಿಟಕಿ. ಆದರೂ "ಉಂಟು ಅಂತ ಬರೆಯಿರಿ" ಎಂದೆ. ಬಸ್ಸಿನಲ್ಲಿ ಉಮ್ಮ ನನಗೆ ಬೆನ್ನು ಹಾಕಿ ಕೂತರು. ಕಾಪುವಿನಲ್ಲಿ ಇಳಿಯುವಾಗ "ದೊಡ್ಡ ಸತ್ಯವಂತ" ಎಂದರು.

ಮರುದಿನವೇ ಮಣಿಪಾಲಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ನರೆತ ಕೂದಲಿನ ಮಹಿಳೆ. ಹೇಗಿದ್ದೀರಿ ಎಂದು ಕೇಳಿದರು. ಉಮ್ಮ ಎಂದಿನ ಉತ್ತರ ಕೊಟ್ಟರು. ಡಾಕ್ಟರು ಸ್ಟೆತಸ್ಕೋಪನ್ನು ಕೊರಳಿಗೆ ಹಾಕಿಕೊಳ್ಳುತ್ತ ಹೇಳಿದರು, "ಅದು ದೇವರಿಗಾಯಿತು ಉಮ್ಮ. ಈಗ ನನಗೆ ಹೇಳಿ."

ಉಮ್ಮ ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ಹೇಳಿದರು, ಎಲ್ಲವನ್ನೂ. ಎರಡು ವರ್ಷದ ಕಥೆ. ನಾನು ಎದ್ದು ಹೊರಗೆ ಹೋಗಿ ಬೆಂಚಿನಲ್ಲಿ ಕೂತು ಅತ್ತೆ.

ಹೃದಯದ ರಕ್ತನಾಳ ಒಂದು ಕಡೆ ಕಟ್ಟಿತ್ತು, ಸ್ಟೆಂಟ್ ಹಾಕಿದರು. ಸ್ವಲ್ಪ ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ವಿಮೆಯವರು ಚಿನ್ನ ಕೊಡುವುದಿಲ್ಲ ಎಂದರು. ಬೆಳ್ಳಿ ಕೊಡುತ್ತೇವೆ, ಆದರೆ ಮೊದಲ ಒಂದು ವರ್ಷ ಹೃದಯಕ್ಕೆ ಮಾತ್ರ ವಿಮೆ ಇಲ್ಲ ಎಂದರು. "ಹಾಗಾದರೆ ಹೃದಯವನ್ನು ಕಾಪುವಿನಲ್ಲೇ ಬಿಟ್ಟು ಬರಬೇಕಾ?" ಎಂದು ಉಮ್ಮ ಕೇಳಿದರು. ಅದರ ಹೊಣೆ ನನಗಿರಲಿ ಎಂದು ಸಹಿ ಹಾಕಿದೆ. ಪ್ರಯಾಣ ಮಾಡಬಹುದು ಎಂದು ಡಾಕ್ಟರು ಬರೆದುಕೊಟ್ಟ ಮೇಲೆಯೇ ಟಿಕೆಟು ಮಾಡಿಸಿದೆ.

ಉಮ್ಮ ಬಂದ ದಿನ ನಮ್ಮ ಕಟ್ಟಡದ ಲಿಫ್ಟ್ ಕೆಟ್ಟಿತ್ತು. ಎರಡನೇ ಮಾಳಿಗೆಯಲ್ಲಿ ಅವರು ನಿಂತು, ಗೋಡೆಯಲ್ಲಿದ್ದ ಬೆಂಕಿ ನಂದಿಸುವ ಸಿಲಿಂಡರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

"ಹೇಗುಂಟು ಉಮ್ಮ?"

"ಅಲ್‌ಹಮ್ದುಲಿಲ್ಲಾಹ್" ಎಂದರು. ನಾನು ಸೂಟ್‌ಕೇಸ್ ಕೆಳಗಿಟ್ಟೆ. "ಅದು ಅವನಿಗೆ. ನಿನಗಾದರೆ, ಎದೆ ಸರಿ ಉಂಟು, ಮೊಣಕಾಲು ಸೋತಿತು. ಸ್ವಲ್ಪ ಕೂರುವ ಮಾರಾಯ."

ಮೆಟ್ಟಿಲ ಮೇಲೆಯೇ ಇಬ್ಬರೂ ಕೂತೆವು. ಆಮೇಲೆ ಮೇಲೆ ಹೋಗಿ ಉಮ್ಮ ಚಪ್ಪಲಿ ಬಿಟ್ಟವರೇ ನೇರವಾಗಿ ಕೋಣೆಗೆ ನಡೆದು ಪರದೆ ಸರಿಸಿದರು. ಹೊರಗೆ ಎದುರು ಕಟ್ಟಡದ ಗೋಡೆ, ಅದರ ತುಂಬ ಏಸಿ ಡಬ್ಬಿಗಳು. ಅದನ್ನೇ ಬಹಳ ಹೊತ್ತು ನೋಡಿದರು.

"ಮೊದಲಿನ ಕೋಣೆಯ ಕಿಟಕಿಗಿಂತ ಇದು ಒಳ್ಳೆಯದುಂಟು" ಎಂದರು. ಆಮೇಲೆ ನನ್ನ ಕಡೆ ತಿರುಗದೆ, "ಮಧ್ಯಾಹ್ನ ವೀಡಿಯೊ ಕಾಲ್ ಮಾಡಿದಾಗಲೂ ನಿನ್ನ ತಲೆಯ ಮೇಲೆ ಲೈಟು ಉರಿಯುತ್ತಿತ್ತು ಮಗಾ. ಎಷ್ಟು ವರ್ಷ ಹಾಗೆ ಮಲಗಿದೆ?" ಎಂದು ಕೇಳಿದರು.

ನಾನು ಪರದೆಯನ್ನು ಇನ್ನಷ್ಟು ಸರಿಸಿದೆ. "ಅಲ್‌ಹಮ್ದುಲಿಲ್ಲಾಹ್" ಎಂದೆ.