ಬೇವಿನ ಗಿಡದ ಕಡೆಗೆ ಹತ್ತು ಫೂಟು

ನಮ್ಮ ಚೌಕವನ್ನು ಹೇಗೆ ಸುಧಾರಿಸಬೇಕು ಎಂದು ಸರ್ಕಾರ ನಮ್ಮನ್ನು ಎರಡು ಸಲ ಕೇಳಿದೆ. ಮೊದಲು ತೊಂಬತ್ತಾರರಲ್ಲಿ, ಆಮೇಲೆ ಎರಡು ಸಾವಿರದ ಐದರಲ್ಲಿ. ಎರಡು ಸಲವೂ ಚಹಾ ಚೆನ್ನಾಗಿತ್ತು. ಕೇಳಿದ ಕಚೇರಿಯ ಹೆಸರು ಹೇಳಲಾರೆ, ನನ್ನ ಅಂಗಡಿಯ ಲೈಸನ್ಸು ಇನ್ನೂ ಅವರ ಕೈಯಲ್ಲಿದೆ. ಆ ಎರಡೂ ಸಭೆಗಳಲ್ಲಿ ಅರ್ಥವಿರುವ ಮಾತನ್ನಾಡಿದವನು ಒಬ್ಬನೇ, ಹುಸೇನಪ್ಪ. ಅವನ ಬಗ್ಗೆ ಬರೆಯುವುದು ನನಗೆ ಸುಲಭವಲ್ಲ, ಯಾಕೆಂದರೆ ಈ ಕತೆಯಲ್ಲಿ ನನ್ನ ಪಾಲೂ ಇದೆ.

ನಾನು ಸಿದ್ದಲಿಂಗಪ್ಪ, ಇಂಡಿ ತಾಲೂಕಿನವನು. ಪುಣೆಯಲ್ಲಿ ಶಿವಾಜಿನಗರದಿಂದ ಖಡಕಿಗೆ ಹೋಗುವ ದಾರಿಯ ಒಂದು ಚೌಕದ ಮೂಲೆಯಲ್ಲಿ ನಮ್ಮಪ್ಪ ತೆರೆದ ಹಾರ್ಡ್‌ವೇರ್ ಅಂಗಡಿ ನನ್ನದು. ಸಲಿಕೆ, ಹಾರೆ, ಕಬ್ಬಿಣದ ಬುಟ್ಟಿ, ಮೊಳೆ, ಹಗ್ಗ ಮಾರುತ್ತೇನೆ. ಅಂಗಡಿಗೆ ನಾಲ್ಕು ಕಲ್ಲಿನ ಮೆಟ್ಟಿಲು, ಮೆಟ್ಟಿಲ ಎದುರಿಗೆ ಆಗ ಒಂದು ಬೇವಿನ ಗಿಡವಿತ್ತು, ಗಿಡದ ಕೆಳಗೆ ನಾಕಾ. ನಾಕಾ ಎಂದರೆ ಕೂಲಿಯವರು ಬೆಳಿಗ್ಗೆ ಬಂದು ನಿಲ್ಲುವ ಜಾಗ. ಕೆಲಸಕ್ಕೆ ಆಳು ಬೇಕಾದವರು ಅಲ್ಲಿಗೆ ಟೆಂಪೊ ತಂದು ನಿಲ್ಲಿಸಿ, ಬೇಕಾದಷ್ಟು ಜನರನ್ನು ಹತ್ತಿಸಿಕೊಂಡು ಹೋಗುತ್ತಾರೆ.

ಆ ನಾಕಾದ ಮುಕಾದಮ, ಅಂದರೆ ಕೂಲಿಯವರ ಮೇಸ್ತ್ರಿ, ಹುಸೇನಪ್ಪ. ಶಹಾಪುರದ ಕಡೆಯವನು. ತಾಯಿ ಮೊಹರಮ್ಮಿನ ಅಲಾಯಿ ದೇವರಿಗೆ ಹರಕೆ ಹೊತ್ತು ಹಡೆದ ಮಗ, ಅದಕ್ಕೇ ಆ ಹೆಸರು. ನಮ್ಮ ಕಡೆ ಇದರಲ್ಲಿ ವಿಶೇಷವೇನಿಲ್ಲ. ಪುಣೆಯಲ್ಲಿ ಮಾತ್ರ ಫಾರಂ ತುಂಬುವ ಗುಮಾಸ್ತರು ಪ್ರತಿ ಸಲ ಪೆನ್ನು ತಡೆದು ಅವನ ಹಣೆಯ ವಿಭೂತಿ ನೋಡುತ್ತಿದ್ದರು. ಎಂಬತ್ತೊಂದರಲ್ಲಿ ಹೆಂಡತಿ ಸಕ್ಕುಬಾಯಿಯ ಜೊತೆ ಬಂದವನು ಹದಿನೈದು ವರ್ಷ ಅದೇ ಗಿಡದ ಕೆಳಗೆ ನಿಂತಿದ್ದ. ಟೆಂಪೊ ನಿಂತರೆ ಬೇರೆ ನಾಕಾಗಳಲ್ಲಿ ಜನ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಇಲ್ಲಿ ಹಾಗಿರಲಿಲ್ಲ. ಹುಸೇನಪ್ಪ ಮೊದಲು ಕೆಲಸ ಏನು ಎಂದು ಕೇಳುತ್ತಿದ್ದ, ಆಮೇಲೆ ಹೆಸರು ಹಿಡಿದು ಕರೆಯುತ್ತಿದ್ದ. "ಸ್ಲ್ಯಾಬಿಗಿ ರಂಗೂಬಾಯಿ ಬ್ಯಾಡ್ರಿ, ಆಕಿ ಮೊಣಕಾಲು ಸರಿ ಇಲ್ಲ. ತಳಗಿನ ಕೆಲಸ ಇದ್ರ ಒಯ್ರಿ" ಎಂದು ಕಾಂಟ್ರ್ಯಾಕ್ಟರನಿಗೇ ಹೇಳುವಷ್ಟು ಧೈರ್ಯ ಅವನಿಗಿತ್ತು.

ಅಂಗಡಿಗೆ ಬರುವ ಮರಾಠಿ ಪೇಪರನ್ನು ದಿನಾ ಬೆಳಿಗ್ಗೆ ಅವನೇ ಮೊದಲು ಎತ್ತಿಕೊಳ್ಳುತ್ತಿದ್ದ. ಅವನಿಗೆ ಓದು ಬಾರದು. ಮಗಳು ಭಾಗ್ಯಾ ಶಾಲೆಗೆ ಹೋಗುವ ಮುಂಚೆ ನನ್ನ ಮೆಟ್ಟಿಲ ಮೇಲೆ ಕುಳಿತು ಗಟ್ಟಿಯಾಗಿ ಓದುತ್ತಿದ್ದಳು, ಇವನು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ಎಲ್ಲಿ ಯಾವ ಕಟ್ಟಡ ಏಳುತ್ತಿದೆ ಎಂದು ತಿಳಿಯಲು ಕೇಳುತ್ತಾನೆ ಎಂದುಕೊಂಡಿದ್ದೆ.

ತೊಂಬತ್ತಾರರಲ್ಲಿ ಕಚೇರಿಯವರು ಚೌಕದ ಸುಧಾರಣೆಗೆ ನಾಗರಿಕರ ಅಭಿಪ್ರಾಯ ಕೇಳುತ್ತೇವೆಂದು ನೋಟಿಸು ಹಚ್ಚಿದರು. ಹಚ್ಚಿದ್ದು ಬೇವಿನ ಗಿಡಕ್ಕೇ, ನಾಲ್ಕು ಮೊಳೆ ಹೊಡೆದು. ಮೊಳೆ ನನ್ನ ಅಂಗಡಿಯವೇ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹತ್ತಿರದ ಮದುವೆ ಹಾಲಿನಲ್ಲಿ ಸಭೆ. ಹತ್ತಾದರೂ ಬಂದವರು ನಾವು ಏಳು ಜನ. ಇಂಜಿನಿಯರ್ ಸಾಹೇಬರು ಫೋಟೋದವನನ್ನು ಕರೆಸಿದ್ದರು, ಮೇಲಿನವರಿಗೆ ಕಳಿಸಲು ತುಂಬಿದ ಸಭೆಯ ಫೋಟೋ ಬೇಕಿತ್ತು. ಖಾಲಿ ಕುರ್ಚಿಗಳನ್ನು ನೋಡಿ ಕಂಗಾಲಾಗಿ ಒಬ್ಬ ಗುಮಾಸ್ತನನ್ನು ಟೆಂಪೊ ಕೊಟ್ಟು ಅಟ್ಟಿದರು.

ಗುಮಾಸ್ತ ನೇರವಾಗಿ ನಾಕಾಕ್ಕೆ ಹೋದ. ಭಾನುವಾರವಾದ್ದರಿಂದ ಕೆಲಸ ಸಿಗದೆ ಇನ್ನೂ ಬಹಳ ಜನ ನಿಂತಿದ್ದರು. "ನಲವತ್ತು ಜನ ಬೇಕು, ಹಾಲಿನಲ್ಲಿ" ಎಂದನಂತೆ. ಹುಸೇನಪ್ಪ ಎಂದಿನಂತೆ ಕೆಲಸ ಏನು ಎಂದು ಕೇಳಿದ. "ಸುಮ್ಮನೆ ಕುಳಿತುಕೊಳ್ಳುವುದು" ಎಂದ ಗುಮಾಸ್ತ. ಇಂಥ ಕೆಲಸ ಜಗತ್ತಿನಲ್ಲಿ ಇರಲಿಕ್ಕಿಲ್ಲ, ಈ ಮನುಷ್ಯ ತಮಾಷೆ ಮಾಡುತ್ತಿದ್ದಾನೆ, ಹಾಲಿನ ನೆಲಕ್ಕೆ ಫರಶಿ ಹಾಕುವುದಿರಬೇಕು ಎಂದು ಹುಸೇನಪ್ಪ ಲೆಕ್ಕ ಹಾಕಿ ಗೌಂಡಿಗಳನ್ನೂ ಹೆಣ್ಣಾಳುಗಳನ್ನೂ ಆರಿಸಿ ಹತ್ತಿಸಿದ. ಸಲಿಕೆ, ಬುಟ್ಟಿ, ಹಾರೆಗಳ ಸಮೇತ ನಲವತ್ತು ಜನ ಸಭೆಗೆ ಬಂದಿಳಿದರು. ಸಕ್ಕುಬಾಯಿ ಒಳಗೆ ಬಂದವಳೇ ನೆಲ ನೋಡಿ, "ಫರಶಿ ಚಲೋನೇ ಅದ ಅಲ್ರಿ, ಯಾಕ ಒಡೀತಾರ?" ಎಂದು ಕೇಳಿದಳು. ಅವರನ್ನೆಲ್ಲ ಕುರ್ಚಿಯ ಮೇಲೆ ಕೂರಿಸಿದರು. ಬುಟ್ಟಿಗಳನ್ನು ಫೋಟೋದಲ್ಲಿ ಕಾಣದ ಹಾಗೆ ಕುರ್ಚಿಯ ಕೆಳಗೆ ತಳ್ಳಿಸಿದರು.

ಗೋಡೆಗೆ ಬಣ್ಣದ ನಕ್ಷೆ ತೂಗುಹಾಕಿದ್ದರು. ಅದರಲ್ಲಿ ಇನ್ನೂ ನೆಡದ ಮರಗಳಿದ್ದವು, ಹದಿನೈದು ವರ್ಷದಿಂದ ನಿಂತಿದ್ದ ಜನರಿರಲಿಲ್ಲ. ಚರ್ಚೆ ಶುರುವಾಯಿತು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಒಬ್ಬರಿಗೆ ಕಾರಂಜಿ ಬೇಕು, ಒಬ್ಬರಿಗೆ ಗಡಿಯಾರದ ಗೋಪುರ ಬೇಕು. ಚೌಕದ ಹಿಂದಿನ ಹೌಸಿಂಗ್ ಸೊಸೈಟಿಯ ಒಬ್ಬ ಹಿರಿಯರು, ಈ ಕೂಲಿಯವರಿಂದಲೇ ಚೌಕ ಹೊಲಸಾಗಿದೆ, ಸುತ್ತ ಕಠಡಾ, ಅಂದರೆ ಕಬ್ಬಿಣದ ಸರಳಿನ ಬೇಲಿ, ಹಾಕಿ ಎಂದರು. ಕೂಲಿಯವರು ಹಿಂದಿನ ಸಾಲಿನಲ್ಲಿ ಬಿಸ್ಕೀಟು ಚಹಾದಲ್ಲಿ ಅದ್ದುತ್ತಿದ್ದರು.

ನಾನೇನು ಬಯಸಿದ್ದೆ ಎಂದು ಹೇಳಿಬಿಡುತ್ತೇನೆ. ನಕ್ಷೆಯಲ್ಲಿ ನನ್ನ ಅಂಗಡಿಯ ಮುಂದೆ, ಸರಿಯಾಗಿ ನಾಕಾದ ಜಾಗದಲ್ಲಿ, ನಾಲ್ಕು ಕಾರು ನಿಲ್ಲಿಸುವ ಪಾರ್ಕಿಂಗ್ ಇತ್ತು. ಸಲಿಕೆ ಮಾರಿ ಸಾಕಾಗಿತ್ತು ನನಗೆ. ಬಾತ್‌ರೂಮಿನ ಟೈಲ್ಸು, ಹೊಳೆಯುವ ನಲ್ಲಿಗಳ ಶೋರೂಮು ಮಾಡಬೇಕು, ಕಾರಿನಲ್ಲಿ ಬರುವ ಗಿರಾಕಿ ಬೇಕು ಎಂದು ಎರಡು ವರ್ಷದಿಂದ ಕನಸು ಕಾಣುತ್ತಿದ್ದೆ.

ಹುಸೇನಪ್ಪನಿಗೆ ಆ ಹೊತ್ತಿಗೆ ಸಭೆ ಯಾತಕ್ಕೆಂದು ತಿಳಿದಿತ್ತು. ನನ್ನ ಕುರ್ಚಿಯ ಹತ್ತಿರ ಬಂದು ಬಗ್ಗಿ, "ಸಾವಕಾರ್ರ, ನಂದು ಇಟ್ಟಂಗಿ ಹೊರೂ ಮರಾಠಿ. ಸಭಾದಾಗ ನಡಿಯೂದಿಲ್ರಿ. ನಾ ಕನ್ನಡದಾಗ ಹೇಳ್ತೀನಿ, ನೀವು ಅವರಿಗಿ ತಿಳಿಸಿ ಹೇಳ್ರಿ. ನಿಮ್ಮ ಮಾತು ಕೇಳ್ತಾರ" ಎಂದ. ಆಮೇಲೆ ಎದ್ದು ನಿಂತು, ಟವಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು ಹೇಳಿದ:

"ನಾವು ನಲವತ್ತು ಮಂದಿ ಅದೀವ್ರಿ. ಏಳರಿಂದ ಹತ್ತರ ತನಕ ನಿಂದರಲಾಕ ಜಾಗ ಬೇಕ್ರಿ. ಕಠಡಾ ಹಾಕಿದ್ರ ಟೆಂಪೊ ನಿಂದ್ರಂಗಿಲ್ಲ, ಟೆಂಪೊ ನಿಂದ್ರಲಿಲ್ಲಂದ್ರ ನಮಗ ಕೂಲಿ ಇಲ್ಲ. ಬೇವಿನ ಗಿಡದ ಕಡಿಗಿ ಹತ್ತು ಫೂಟು ಬಿಡ್ರಿ. ಮ್ಯಾಲೊಂದು ತಗಡು, ಬಾಜೂಕ ಒಂದು ನಳ. ಹೆಣ್ಣುಮಕ್ಕಳು ಕೂಸು ಕಟಗೊಂಡು ನಿಂತಿರ್ತಾರ್ರಿ. ಇಷ್ಟೇ ನೋಡ್ರಿ."

ಸಾಹೇಬರು ನನ್ನ ಕಡೆ ನೋಡಿದರು. ನಾನೆದ್ದೆ. ಅವನಿಗೆ ಅರ್ಥವಾಗಬಾರದೆಂದು ಹುಡುಕಿ ಹುಡುಕಿ ಪೇಪರಿನ ಮರಾಠಿಯಲ್ಲಿ ಹೇಳಿದೆ. ಶ್ರಮಿಕ ಬಂಧುಗಳು ಈ ಯೋಜನೆಯನ್ನು ಹೃತ್ಪೂರ್ವಕವಾಗಿ ಸ್ವಾಗತಿಸುತ್ತಾರೆ, ತಮ್ಮನ್ನು ಯೋಗ್ಯವಾದ ಬೇರೆ ಸ್ಥಳಕ್ಕೆ ಕಳಿಸಿದರೂ ಅವರ ತಕರಾರಿಲ್ಲ ಎಂದೆ. ಹತ್ತು ಫೂಟು, ತಗಡು, ನಳ ಯಾವುದನ್ನೂ ನಾನು ಹೇಳಲಿಲ್ಲ. ಸಭೆ ಚಪ್ಪಾಳೆ ತಟ್ಟಿತು. ಕೂಲಿಯವರೂ ತಟ್ಟಿದರು. ಹುಸೇನಪ್ಪ ನನಗೆ ಕೈ ಮುಗಿದು ಕುಳಿತ.

ಆ ವರ್ಷದ ಕೊನೆಗೆ ಸುಧಾರಣೆ ಬಂತು. ಬೇವಿನ ಗಿಡ ಹೋಯಿತು. ಕಾರಂಜಿ ಬಂತು, ಮೂರು ದಿನ ಹಾರಿತು. ಕಠಡಾ ಹಾಕಲು ಆಳು ಬೇಕೆಂದು ಕಾಂಟ್ರ್ಯಾಕ್ಟರ್ ನಾಕಾಕ್ಕೇ ಬಂದ. ಹುಸೇನಪ್ಪ ಎಂದಿನಂತೆ ಕೆಲಸ ಕೇಳಿ, ಹೆಸರು ಹಿಡಿದು ಕರೆದು, ತಾನೇ ಗೂಟಕ್ಕೆ ಗುಂಡಿ ತೋಡಿದ. ಕೆಲಸ ಮಾತ್ರ ನೆಟ್ಟಗೆ ಮಾಡಿದ, ಆ ಕಠಡಾ ಇಂದಿಗೂ ಅಲುಗಿಲ್ಲ. ಅದಾದ ಮೇಲೆ ಅಲ್ಲಿ ಯಾವ ಟೆಂಪೊವೂ ನಿಲ್ಲಲಿಲ್ಲ. ಕಠಡಾ ನನ್ನ ಮೆಟ್ಟಿಲ ಮುಂದೆಯೂ ಹಾದು ಹೋಗಿತ್ತು, ಪಾರ್ಕಿಂಗ್ ಎಲ್ಲಿ ಎಂದು ಕೇಳಿದರೆ ನಾಗರಿಕರ ಸೂಚನೆಯಂತೆ ನಕ್ಷೆ ಬದಲಾಗಿದೆ ಎಂದರು. ಕಾರಿನವರು ಬರಲಿಲ್ಲ. ಕೂಲಿಯವರು ಖಡಕಿಯ ಕಡೆಗೆ ಒಂದು ಮೈಲಿ ಸರಿದು ಯಾರದೋ ಕಂಪೌಂಡಿನ ಪಕ್ಕ ಬಿಸಿಲಲ್ಲಿ ನಿಲ್ಲತೊಡಗಿದರು, ವಾರಕ್ಕೆರಡು ಸಲ ಪೊಲೀಸರು ಎಬ್ಬಿಸುತ್ತಿದ್ದರು. ಸಲಿಕೆಯನ್ನು ಅಲ್ಲೇ ಬೇರೆ ಅಂಗಡಿಯಲ್ಲಿ ಕೊಳ್ಳುತ್ತಿದ್ದರು. ಮಾಡಿದ್ದುಣ್ಣೋ ಮಹರಾಯ ಎಂದು ನನ್ನ ಹೆಂಡತಿ ಶೈಲಾ ಒಂದೇ ಸಲ ಅಂದಳು, ಒಂದೇ ಸಲಕ್ಕೆ ಸಾಕಾಯಿತು.

ಒಂಬತ್ತು ವರ್ಷದ ಮೇಲೆ ಎರಡನೇ ನೋಟಿಸು ಬಂತು. ಈ ಸಲ ಮೇಲ್ಸೇತುವೆ, ರಸ್ತೆ ಅಗಲ ಮಾಡುವುದು. ನನ್ನ ಮೆಟ್ಟಿಲ ಮೇಲೆ ಕೆಂಪು ಬಣ್ಣದಲ್ಲಿ ಗೆರೆ ಎಳೆದು ಹೋದರು. ಮೆಟ್ಟಿಲು ಹೋದರೆ ಅಂಗಡಿ ಸೊಂಟದೆತ್ತರದಲ್ಲಿ ತೇಲುತ್ತದೆ, ಒಳಗೆ ಹತ್ತುವುದೇ ಆಗುವುದಿಲ್ಲ. ಅದೇ ಮದುವೆ ಹಾಲು, ಹೊಸ ಇಂಜಿನಿಯರ್ ಸಾಹೇಬರು, ಅದೇ ಬಿಸ್ಕೀಟು. ಈ ಸಲ ಜನ ತುಂಬಿದ್ದರು. ನನ್ನ ಸರದಿ ಇಪ್ಪತ್ತಮೂರನೆಯದು, ಅದು ಬರುವ ಹೊತ್ತಿಗೆ ಸಾಹೇಬರಿಗೆ ಊಟದ ಹೊತ್ತಾಗಿತ್ತು. "ಒಂದು ನಿಮಿಷ" ಎಂದರು. ನಾನು ಕಾಗದ ಬಿಡಿಸುವುದರೊಳಗೆ ಅದು ಮುಗಿಯಿತು. ನನ್ನಪ್ಪನ ಕಾಲದ ಮೆಟ್ಟಿಲು ಎಂದು ತೊದಲಿದೆ. "ಮುಂದಿನವರು" ಎಂದರು.

ಆಗ ಹಿಂದಿನ ಗೋಡೆಯ ಹತ್ತಿರ ಒಬ್ಬ ಎದ್ದ. ಗಡ್ಡ ಬಿಳಿಯಾಗಿತ್ತು, ಟವಲು ಕೈಯಲ್ಲಿತ್ತು. ಈ ಸಲ ಹುಸೇನಪ್ಪನನ್ನು ಯಾರೂ ಟೆಂಪೊದಲ್ಲಿ ತಂದಿರಲಿಲ್ಲ, ಪೇಪರಿನಲ್ಲಿ ಬಂದ ನೋಟಿಸನ್ನು ಭಾಗ್ಯಾ ಓದಿ ಹೇಳಿದ್ದಳಂತೆ. ಅವನು ಮಾತಾಡಿದ್ದು ಮರಾಠಿಯಲ್ಲಿ. ಒಂಬತ್ತು ವರ್ಷದ ಹಿಂದೆ ನಾನು ಹುಡುಕಿ ತೆಗೆದಿದ್ದೆನಲ್ಲ, ಅದೇ ಪೇಪರಿನ ಮರಾಠಿಯಲ್ಲಿ, ತಡವರಿಸದೆ. ಅದನ್ನು ಕನ್ನಡದಲ್ಲಿ ಕೊಡುತ್ತೇನೆ. ಈ ಸಲ ಏನನ್ನೂ ಬಿಟ್ಟಿಲ್ಲ.

"ಮಾನ್ಯರೇ, ಈ ಅಂಗಡಿಯ ಮೆಟ್ಟಿಲು ಅಂಗಡಿಯವರಿಗೆ ಮಾತ್ರ ಸೇರಿದ್ದಲ್ಲ. ಹದಿನೈದು ವರ್ಷ, ಮಳೆ ಬಂದಾಗಲೆಲ್ಲ ನಮ್ಮ ಹೆಣ್ಣುಮಕ್ಕಳು ಕೂಸು ಕಟ್ಟಿಕೊಂಡು ಅದರ ಮೇಲೆ ನಿಂತಿದ್ದಾರೆ. ಮಾಲಕರು ಒಂದು ದಿನವೂ ಇಳಿಯಿರಿ ಎಂದಿಲ್ಲ. ಅದನ್ನು ಉಳಿಸಬೇಕು. ಎರಡನೆಯದು, ನಾವು ನಲವತ್ತು ಜನ ಇದ್ದೇವೆ. ಏಳರಿಂದ ಹತ್ತರವರೆಗೆ ನಿಲ್ಲಲು ಜಾಗ ಬೇಕು. ಬೇವಿನ ಗಿಡದ ಕಡೆಗೆ ಹತ್ತು ಫೂಟು, ಮೇಲೊಂದು ತಗಡು, ಪಕ್ಕದಲ್ಲಿ ಒಂದು ನಲ್ಲಿ."

ಮೆಟ್ಟಿಲ ವಿಷಯ ಪೂರ್ತಿ ನಿಜವಲ್ಲ. ಎರಡು ಸಲ ಇಳಿಯಿರಿ ಎಂದು ಗದರಿದ್ದೆ.

ಸಾಹೇಬರು ನಕ್ಷೆ ನೋಡಿದರು. "ಯಾವ ಬೇವಿನ ಗಿಡ?" ಎಂದು ಕೇಳಿದರು.

"ಹಿಂದಿನ ಸಲ ನೀವು ನಮ್ಮನ್ನು ಕೇಳಿದಾಗ ಇತ್ತು, ಸಾಹೇಬರೇ" ಎಂದ ಹುಸೇನಪ್ಪ.

ಯಾರೋ ನಕ್ಕರು. ಗುಮಾಸ್ತ ಏನೋ ಬರೆದುಕೊಂಡ. ಮೇಲ್ಸೇತುವೆಗೆ ಆಮೇಲೆ ಹಣ ಸಿಗಲಿಲ್ಲವಂತೆ, ಮೆಟ್ಟಿಲು ಇನ್ನೂ ಇದೆ, ಕೆಂಪು ಗೆರೆಯೂ ಇದೆ. ಕಚೇರಿಯ ವರದಿಯಲ್ಲಿ ಎರಡು ಸಲವೂ ನಾಗರಿಕರ ತಕರಾರಿಲ್ಲ ಎಂದೇ ಬರೆದಿದ್ದಾರೆ.

ಆದರೆ ಆ ದಿನ ನನಗೆ ಮೆಟ್ಟಿಲಿನ ಚಿಂತೆ ಹೋಗಿ ಬೇರೆಯದೇ ಹತ್ತಿತ್ತು. ಇಷ್ಟು ಮರಾಠಿ ಬಲ್ಲವನಿಗೆ ಅಂದು ನಾನು ಹೇಳಿದ್ದು ತಿಳಿದಿಲ್ಲವೇ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುತ್ತಾರೆ, ಇಲ್ಲಿ ಕಳ್ಳ ಎಂದು ಯಾರೂ ಅಂದೇ ಇರಲಿಲ್ಲ. ಹಾಲಿನ ಬಾಗಿಲಲ್ಲಿ ಅವನನ್ನು ತಡೆದೆ.

"ಹುಸೇನಪ್ಪಾ, ಅವತ್ತು..." ಎಂದೆ.

"ಅವತ್ತಿಂದು ಬಿಡ್ರಿ ಸಾವಕಾರ್ರ. ನಿಮ್ಮ ನೆರಳಿಗಿ ನಿಂತು ರೊಟ್ಟಿ ತಿಂದೀವಿ, ನಾಕ ಮಂದ್ಯಾಗ ನಿಮ್ಮ ಮಾತು ಸುಳ್ಳು ಮಾಡಬಾರ್ದಂತ ಸುಮ್ಮ ಕುಂತೆ" ಎಂದು ಅವನು ಟವಲನ್ನು ಹೆಗಲಿಗೆ ಹಾಕಿಕೊಂಡ. ಎರಡು ಮೆಟ್ಟಿಲು ಇಳಿದವನು ಏನೋ ನೆನಪಾದಂತೆ ತಿರುಗಿ ನಿಂತ. ಮುಖದಲ್ಲಿ ಕುಹಕವಿರಲಿಲ್ಲ, ಕೆಲಸ ಮುಗಿಸಿದ ಗೌಂಡಿ ಗೋಡೆ ನೆಟ್ಟಗಿದೆಯೇ ಎಂದು ಕೇಳುವ ಹಾಗೆ ಕೇಳಿದ:

"ನಾ ಹೇಳಿದ್ದು ಬರೋಬ್ಬರಿ ಆಯ್ತಿಲ್ರಿ? ಏನರ ಬಿಟ್ಟಿದ್ರ ನೀವು ಹೇಳ್ರಿ."

ಏನೂ ಬಿಟ್ಟಿಲ್ಲ ಎಂದೆ.